ಕುರ್ಚಿ ಉರಿದ ಚಳಿಗಾಲ

ಐದು ಪದರಕ್ಕೊಂದನ್ನು ಎಣಿಸುವುದು, ಕೊನೆಗೆ ಐದರಿಂದ ಗುಣಿಸುವುದು.
ಹನ್ನೊಂದು ವರ್ಷದಿಂದ ಇದೇ ಡಾರ್ಲಾ ಕಾಡಿಲ್‌ಳ ಕಸುಬು,
ಲೆಕ್ಸಿಂಗ್ಟನ್ನಿನ ಪ್ರಯೋಗಾಲಯದ ಮೂರನೇ ಮಹಡಿಯಲ್ಲಿ.
ಕಿಟಕಿಯಾಚೆ ಹುಲ್ಲುಗಾವಲು, ಕರಿ ಬೇಲಿ,
ಅವಳ ಇಡೀ ಜನ್ಮದ ಸಂಬಳಕ್ಕಿಂತ ದುಬಾರಿ ಕುದುರೆಮರಿಗಳು.
ಗಾಜಿನ ಮೇಲೆ, ನಿನ್ನೆ ಹುಟ್ಟಿದ ಇಲಿಮರಿಯ ಅಂಡಾಶಯ:
ಎಳ್ಳುಕಾಳಿಗಿಂತ ಚಿಕ್ಕದು,
ನೇರಳೆ ಬಣ್ಣ ಕುಡಿದು ಕೂತಿದೆ.

ಗೊಂಚಲು ಬಿಡಿಸಿಕೊಳ್ಳುವ ಕಾಲ.
ಒಂದೇ ಕೋಶದಿಂದ ಒಡೆದು, ಕೈಕೈ ಹಿಡಿದು ಬೆಳೆದವು
ಈಗ ಬೇರೆಯಾಗಬೇಕು. ಬಹುಪಾಲು ಸಾಯುತ್ತವೆ.
ಅದು ವಾಡಿಕೆ, ಅದಕ್ಕೆ ಯಾರೂ ಅಳುವುದಿಲ್ಲ.
ಉಳಿದ ಒಂದೊಂದಕ್ಕೂ ಚಪ್ಪಟೆ ಕೋಶಗಳ
ತೆಳ್ಳನೆ ದುಪ್ಪಟಿ.

ಆದರೆ ದುಪ್ಪಟಿಗೂ ಮುಂಚೆ ಒಂದು ಹೊತ್ತುಂಟು:
ಹೊಕ್ಕುಳಬಳ್ಳಿ ಕಡಿದಿದೆ, ಹಾಲು ಇನ್ನೂ ಗಂಟಲಿಗಿಳಿದಿಲ್ಲ,
ಮೈಯಿಡೀ ಹೊಟ್ಟೆಗೆ ತಣ್ಣೀರು ಬಟ್ಟೆ.
ಆಗ ಕೋಶ ತನ್ನೊಳಗನ್ನೇ ತಡಕುತ್ತದೆ.
ಸವೆದ ಪ್ರೋಟೀನು, ಕೆಟ್ಟು ನಿಂತ ಮೈಟೊಕಾಂಡ್ರಿಯ,
ಎರಡು ಪೊರೆಯ ಚೀಲವೊಂದು ಎಲ್ಲಿಂದಲೋ ಬಾಯ್ದೆರೆದು
ಎಲ್ಲವನ್ನೂ ಒಳಗೆ ಹಾಕಿ, ಬಾಯಿ ಹೊಲಿದು,
ಆಮ್ಲದ ಮನೆಗೆ ಹೊತ್ತೊಯ್ಯುತ್ತದೆ.
ಅಲ್ಲಿಂದ ಬರುವುದು ಮತ್ತೆ ನಾದಬಹುದಾದ ಹಿಟ್ಟು.

ಬೇಲಿಯೇ ಎದ್ದು ಹೊಲ ಮೇಯ್ದ ಕತೆಯಲ್ಲ ಇದು.
ಹೊಲವೇ, ಒಂದು ರಾತ್ರಿ ದಾಟಲಿಕ್ಕೆ,
ತನ್ನ ಬೇಲಿಯನ್ನು ಮೇಯ್ದದ್ದು.

ಇಂಥ ರಾತ್ರಿ ಡಾರ್ಲಾಗೆ ಗೊತ್ತು. ಕಂಡಿಲ್ಲ, ಗೊತ್ತು.
ಪೂರ್ವದ ಗುಡ್ಡಗಳ ಸಂದಿಯಲ್ಲಿ, ಗಣಿ ಮುಷ್ಕರದ ಐದನೇ ತಿಂಗಳು,
ಕಂಪನಿ ಅಂಗಡಿ ಸಾಲದ ಪುಸ್ತಕ ಮುಚ್ಚಿತ್ತು.
ಕಲ್ಲಿದ್ದಲಿನ ಮೇಲೇ ಮನೆ, ಒಲೆಯಲ್ಲಿ ಒಂದು ಹೆಂಟೆ ಇಲ್ಲ.
ಆರು ತಿಂಗಳ ಬಸುರಿ ಓಪಲ್ ಮೊದಲು ಕೋಳಿಗೂಡು ಉರಿಸಿದಳು,
ಆಮೇಲೆ ಜಗಲಿಯ ಕಟಾಂಜನ,
ಆಮೇಲೆ ಮದುವೆಗೆಂದು ಮಾವ ಕಡೆದುಕೊಟ್ಟ
ಹಿಕರಿ ಮರದ ಕುರ್ಚಿಗಳು, ವಾರಕ್ಕೊಂದು.
ಗೋಡೆಗೆ ಮೆತ್ತಿದ ಹಳೇ ಪೇಪರು ಮಾತ್ರ ಮುಟ್ಟಲಿಲ್ಲ;
ಅದು ಹೋದರೆ ಗಾಳಿ ಒಳಗೆ ಬರುತ್ತದೆ.
“ಏನು ಉರಿಸಬೇಕು ಅನ್ನೋದು ಯಾರಿಗಾದರೂ ಹೊಳೆಯುತ್ತೆ ಕಣೆ,
ಏನು ಉರಿಸಬಾರದು ಅನ್ನೋದಕ್ಕೆ ತಲೆ ಬೇಕು.”

ಆ ಬಸಿರಿನಲ್ಲಿ ಡಾರ್ಲಾಳ ಅಮ್ಮ.
ಅಮ್ಮನ ಇನ್ನೂ ಹುಟ್ಟದ ಅಂಡಾಶಯದಲ್ಲಿ
ಲಕ್ಷಾಂತರ ಸಾಯುವವರ ನಡುವೆ
ಸಾಯದೆ ಉಳಿದ ಒಂದು.
ಆ ಒಂದು ಈಗ ಕನ್ನಡಕ ಹಣೆಗೇರಿಸಿ ಕಣ್ಣುಜ್ಜಿಕೊಳ್ಳುತ್ತಿದೆ.

(ಅವಳಿಗೆ ತಿಳಿಯದು, ನನ್ನ ನುಡಿಯಲ್ಲಿ
ಆಶಯವೆಂದರೆ ಪಾತ್ರೆ, ಆಶಯವೆಂದರೆ ಬಯಕೆ.
ಸ್ವಭಕ್ಷಣೆ ಎಂದು ಬರೆದು ಹೊಡೆದುಹಾಕಿದ್ದೇನೆ,
ಆ ಪದಕ್ಕೆ ಪಾಪದ ವಾಸನೆ.)

ಎರಡನೇ ಗಾಜು. ಒಂದೇ ಒಂದು ಜೀನ್ ತೆಗೆದ ಮರಿ.
ಹುಟ್ಟಿದಾಗ ಗುಲಾಬಿ ಮೈ, ಬಾಲ, ಇಪ್ಪತ್ತು ಉಗುರಿನ ಚುಕ್ಕೆ,
ಕುಂದೇನೂ ಕಾಣಲಿಲ್ಲ.
ಅಂಡಾಶಯ ಮಾತ್ರ ಜಾತ್ರೆ ಮುಗಿದ ಬಯಲು.
ಅಂಡಗಳು ಸತ್ತದ್ದು ಬರಿದಾದ ಮನೆಯಲ್ಲಲ್ಲ,
ಸಾಮಾನು ತುಂಬಿದ ಮನೆಯಲ್ಲಿ, ಚಳಿಗೆ.
ಕುರ್ಚಿಗಳಿದ್ದವು.
ಕೊಡಲಿ ಇರಲಿಲ್ಲ.

ಎಣಿಕೆಯ ಗುಂಡಿ ಟಿಕ್ ಅನ್ನುತ್ತದೆ,
ಆಮೇಲೆ ಬಹಳ ಹೊತ್ತು ಅನ್ನುವುದಿಲ್ಲ.
ಏಳು. ಐದರಿಂದ ಗುಣಿಸಿದರೆ ಮೂವತ್ತೈದು.
ಮೊದಲ ಗಾಜಿನದು ಸಾವಿರಗಳಲ್ಲಿ.
ಎರಡನ್ನೂ ಪೆನ್ಸಿಲಿನಲ್ಲಿ ಬರೆದು, ತಾರೀಖು ಹಾಕಿ,
ಅವಳು ದೀಪ ಆರಿಸುತ್ತಾಳೆ.

ಸಂಜೆ ಮನೆಯಲ್ಲಿ ಜೋಳದ ಬ್ರೆಡ್ಡು, ಬೀನ್ಸು.
ಕೂರುವುದು ಓಪಲ್‌ಳ ಆರು ಕುರ್ಚಿಗಳಲ್ಲಿ ಉಳಿದ ಒಂದರ ಮೇಲೆ.
ಅದಕ್ಕೆ ಎಡಗೈ ಇಲ್ಲ.
ಆ ರಾತ್ರಿ ಅಷ್ಟು ಸಾಕಾಯಿತಂತೆ.